ಮೊದಲು ಉಬ್ಬರ ಇಳಿತದ ಹೊತ್ತು ನೋಡಿ, ಆಮೇಲೆ ಗಾಡಿ

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಗೆಳೆಯರು ನಮೀಬಿಯಾಕ್ಕೆ ಹೊರಟಿದ್ದೇವೆ. ಮರಳುಗುಡ್ಡಗಳು ನೇರವಾಗಿ ಸಮುದ್ರಕ್ಕೆ ಇಳಿಯುವ ಸ್ಯಾಂಡ್‌ವಿಚ್ ಹಾರ್ಬರ್‌ಗೆ ಫೋರ್ ವೀಲ್ ಡ್ರೈವ್ ಗಾಡಿ ಬಾಡಿಗೆಗೆ ತಗೊಂಡು ನಾವೇ ಓಡಿಸಿಕೊಂಡು ಹೋಗುವ ಆಸೆ. ಬೆಟ್ಟದ ರಸ್ತೆ ಅಭ್ಯಾಸವಿದೆ, ಮರಳಿನಲ್ಲಿ ಓಡಿಸಿಲ್ಲ. ಹೋಗಬಹುದಾ?

ಉತ್ತರ: ಹೋಗಿ, ಖಂಡಿತ ಹೋಗಿ. ಆದರೆ ಸ್ಟೀರಿಂಗ್ ಮಾತ್ರ ಅಲ್ಲಿಯ ಡ್ರೈವರ್ ಕೈಯಲ್ಲಿರಲಿ.

ಆ ಜಾಗ ವಾಲ್ವಿಸ್ ಬೇ ಊರಿನಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ಉಪ್ಪಿನ ಗದ್ದೆಗಳನ್ನು ದಾಟಿದ ಮೇಲೆ ರಸ್ತೆ ಅನ್ನುವುದೇ ಇಲ್ಲ. ಕೊನೆಯ ಭಾಗದಲ್ಲಿ ಒಂದು ಕಡೆ ಅಲೆ, ಇನ್ನೊಂದು ಕಡೆ ಮರಳಿನ ಗೋಡೆ, ನಡುವೆ ಇಳಿತದಲ್ಲಿ ಮಾತ್ರ ಹೊರಬೀಳುವ ಒದ್ದೆ ಮರಳಿನ ಪಟ್ಟಿ, ಅದೇ ದಾರಿ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ 50 ನಿಮಿಷದಷ್ಟು ಹೊತ್ತು ಜರುಗುತ್ತಾ ಹೋಗುತ್ತದೆ, ಹೋದ ವಾರ ಹೋಗಿಬಂದವರು ಹೇಳಿದ ಟೈಮ್ ನಿಮಗೆ ಕೆಲಸಕ್ಕೆ ಬರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಂತೂ ನೀರು ಇನ್ನೂ ಜಾಸ್ತಿ ಏರುತ್ತದೆ.

ನಾನು ಹೋದಾಗ ಡ್ರೈವರ್ ಮರಳು ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿದರು. ಒಂದೊಂದೇ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಗೇಜ್ ಹಿಡಿದು, ಉಸ್ಸೆಂದು ಗಾಳಿ ಬಿಟ್ಟರು. ಟಾರು ರಸ್ತೆಯಲ್ಲಿ 30 ಪಿಎಸ್‌ಐ ಮೇಲಿದ್ದದ್ದು 15ರ ಹತ್ತಿರಕ್ಕೆ ಬಂತು. ಗಾಳಿ ಕಡಿಮೆಯಾದರೆ ಟೈರ್ ಹರಡಿಕೊಳ್ಳುತ್ತದೆ, ಭಾರ ಹಂಚಿಹೋಗುತ್ತದೆ, ಗಾಡಿ ಹೂತುಕೊಳ್ಳುವುದು ಕಡಿಮೆ. ಆದರೆ ಅದೇ ಟೈರ್‌ನಲ್ಲಿ ಗಕ್ಕನೆ ತಿರುಗಿಸಿದರೆ ರಿಮ್‌ನಿಂದ ಕಳಚಿಬಿಡಬಹುದು. ಚಕ್ರ ಸುಮ್ನೆ ಸುತ್ತಲು ಶುರುವಾದಾಗ ಬೆಟ್ಟದಲ್ಲಿ ಮಾಡಿದ ಹಾಗೆ ಆಕ್ಸಿಲರೇಟರ್ ಒತ್ತಿದಿರೋ, ಗಾಡಿ ಹೊಟ್ಟೆಯವರೆಗೂ ಕೂರುತ್ತದೆ. ಕೆಲವೇ ಗಂಟೆಗಳಲ್ಲಿ ನೀರು ವಾಪಸ್ ಬರುವ ಜಾಗದಲ್ಲಿ ಇದನ್ನು ಕಲಿಯಲು ಹೋಗಬೇಡಿ. ಬಾಡಿಗೆ ಕರಾರನ್ನೂ ಓದಿ, ಬೀಚ್ ಮತ್ತು ಮರಳುಗುಡ್ಡದಲ್ಲಾದ ಹಾನಿಗೆ ಎಷ್ಟೋ ಕಡೆ ವಿಮೆ ಇರುವುದಿಲ್ಲ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಅದು ನಮೀಬ್-ನೌಕ್ಲುಫ್ಟ್ ಪಾರ್ಕ್‌ನ ಒಳಗಿರುವ ಜಾಗ, ಪರ್ಮಿಟ್ ಬೇಕು, 1995ರಿಂದ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ನೀವು ಹೋಗುವ ಡಿಸೆಂಬರ್ ಡಮಾರಾ ಟರ್ನ್ ಹಕ್ಕಿ ಮೊಟ್ಟೆ ಇಡುವ ಕಾಲ. ಈ ಹಕ್ಕಿ ಆ ಕರಾವಳಿಯ ಜಲ್ಲಿ ನೆಲದಲ್ಲಿ, ಗೂಡು ಕಟ್ಟದೆ, ಒಂದೇ ಒಂದು ಮೊಟ್ಟೆ ಇಡುತ್ತದೆ. ಡ್ರೈವರ್ ದೂರದಿಂದ ಬೆರಳು ಮಾಡಿ ತೋರಿಸಿದರೂ ನನಗೆ ಬರೀ ಕಲ್ಲುಗಳೇ ಕಂಡವು. ಬೈನಾಕ್ಯುಲರ್‌ನಲ್ಲಿ ಎರಡು ಸಲ ಹುಡುಕಿದ ಮೇಲೆ ಚುಕ್ಕೆ ಚುಕ್ಕೆಯ ಒಂದು ಕಲ್ಲು ಮೊಟ್ಟೆಯಾಯಿತು. ಗಾಡಿಯ ಸೀಟಿನಲ್ಲಿ ಕೂತವರಿಗೆ ಅದು ಕಾಣುವ ಮಾತೇ ಇಲ್ಲ. ಹಾಗಾಗಿ ಹಳೇ ಚಕ್ರದ ಜಾಡು ಬಿಟ್ಟು ಹೊಸ ಜಾಡು ಮಾಡಲೇಬಾರದು, ಒಂದು ಒಳ್ಳೇ ಫೋಟೊಗಾಗಿಯೂ ಕೂಡ. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ 2002ರಿಂದ ಮೋಜಿಗೆ ಬೀಚ್ ಮೇಲೆ ಗಾಡಿ ಓಡಿಸುವುದನ್ನೇ ನಿಷೇಧಿಸಿದ್ದಾರೆ. ನಮೀಬಿಯಾದಲ್ಲಿ ಇನ್ನೂ ಬಿಡುತ್ತಿದ್ದಾರೆ, ಆ ನಂಬಿಕೆ ಉಳಿಸಿಕೊಳ್ಳೋಣ ಅಲ್ವಾ?

ಪ್ರಶ್ನೆ: ಮರುಭೂಮಿ ತಾನೇ, ಅಲ್ಲಿ ಸ್ವೆಟರ್ ಬೇಕಾಗುತ್ತಾ?

ಉತ್ತರ: ಬೇಕು. ಆ ಸಮುದ್ರದಲ್ಲಿ ಬೆಂಗ್ವೇಲಾ ಅನ್ನುವ ತಣ್ಣನೆಯ ಪ್ರವಾಹ ಹರಿಯುತ್ತದೆ, ಬೆಳಗ್ಗೆ ದಟ್ಟ ಮಂಜು ಕವಿಯುವುದು ಮಾಮೂಲು. ಗಾಳಿ ಎದ್ದರೆ ಮರಳು ಮುಖಕ್ಕೆ ಹೊಡೆಯುತ್ತದೆ. ಸ್ವೆಟರ್ ಜೊತೆಗೆ ಕಣ್ಣಿಗೆ ಕನ್ನಡಕ, ಕ್ಯಾಮೆರಾಗೆ ಜಿಪ್ ಇರುವ ಚೀಲ ಇಟ್ಟುಕೊಳ್ಳಿ.