ಪ್ರಾರ್ಥನಾ ಕೂಟದ ‘ಅನ್ಯಭಾಷೆ’ಯನ್ನು ಪತ್ರಕರ್ತ ಹೇಗೆ ವರದಿ ಮಾಡಬೇಕು?

‘ಅನ್ಯಭಾಷೆ’ ಎಂದರೆ ಕೆಲವು ಕ್ರೈಸ್ತರು ಪವಿತ್ರಾತ್ಮನ ಪ್ರೇರಣೆ ಎಂದು ನಂಬಿ ಪ್ರಾರ್ಥನೆಯಲ್ಲಿ ಆಡುವ, ಕೇಳುವವರಿಗೆ ಅರ್ಥವಾಗದ ಮಾತು. ರಾಯಚೂರಿನಲ್ಲಿ ಇಂಥದೊಂದು ಕೂಟದ ವರದಿಗೆ ಹೋಗುವ ಮುಂಚೆ ಒಂದನ್ನು ನೆನಪಿಡಿ. 1906ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಸಭೆಯನ್ನು ಅಲ್ಲಿನ ಪತ್ರಿಕೆ ಗೇಲಿ ಮಾಡಿತು. ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ತ್ ಎಂಬ ಕ್ರೈಸ್ತ ಚಳವಳಿ ಲೋಕಕ್ಕೆಲ್ಲ ಹಬ್ಬಿದ್ದು ಬಹುಮಟ್ಟಿಗೆ ಅಲ್ಲಿಂದ. ಗೇಲಿ ಮಾಡುತ್ತ ಕೂತರೆ ಸುದ್ದಿಯೇ ತಪ್ಪಿಹೋಗುತ್ತದೆ.

ಕಂಡದ್ದನ್ನೂ ಅವರು ಹೇಳಿದ್ದನ್ನೂ ಬೇರೆ ಬೇರೆ ವಾಕ್ಯದಲ್ಲಿಡಿ: ‘ನೆಲಕ್ಕೆ ಬಿದ್ದರು’ ನಿಮ್ಮ ಮಾತು, ‘ಪವಿತ್ರಾತ್ಮ ಇಳಿದ’ ಅವರದು. ಅನ್ಯಭಾಷೆಯ ಮಾತಿಗೆ ಯಾರಾದರೂ ಅರ್ಥ ಬಿಡಿಸಿದರೇ ಎಂದು ಗಮನಿಸಿ. ಇಬ್ಬರು, ಹೆಚ್ಚೆಂದರೆ ಮೂವರು ಸರದಿಯಂತೆ ಮಾತಾಡಲಿ, ಒಬ್ಬರು ಅರ್ಥ ಹೇಳಲಿ ಎನ್ನುತ್ತದೆ ಬೈಬಲ್‌ನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯ. ಎಲ್ಲರಿಗೂ ‘ಪೆಂಟೆಕೋಸ್ತ್’ ಹಣೆಪಟ್ಟಿ ಬೇಡ. ಕಥೋಲಿಕರಲ್ಲೂ 1967ರಿಂದ ಇಂಥ ಕೂಟಗಳಿವೆ.

ಕಾಯಿಲೆ ವಾಸಿಯಾದ ಸಾಕ್ಷಿ ಕೇಳಿದರೆ, ಹಿಂದಿನ ಮತ್ತು ಈಗಿನ ಆಸ್ಪತ್ರೆ ಚೀಟಿ ಎರಡನ್ನೂ ನೋಡದೆ ‘ಗುಣವಾಯಿತು’ ಎಂದು ಬರೆಯಲೇಬೇಡಿ.