100 ಎಂಬಿಪಿಎಸ್ ಎಂದರೆ ಡಯಲಪ್‌ಗಿಂತ ನಿಜವಾಗಿ ಎಷ್ಟು ಪಟ್ಟು ವೇಗ?

ನಿಮ್ಮ ಪ್ರಶ್ನೆ ಹೀಗಿದೆ: ಮನೆಗೆ 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) ಫೈಬರ್ ಸಂಪರ್ಕ ಹಾಕಿಸಿದ್ದೀರಿ, ಹಿಂದೆ ಟೆಲಿಫೋನ್ ತಂತಿಯಲ್ಲಿ ಡಯಲ್ ಮಾಡಿ ಪಡೆಯುತ್ತಿದ್ದ 56 ಕೆಬಿಪಿಎಸ್ (ಸೆಕೆಂಡಿಗೆ 56 ಕಿಲೋಬಿಟ್) ಡಯಲಪ್‌ಗೆ ಹೋಲಿಸಿದರೆ ಲೆಕ್ಕದ ಪ್ರಕಾರ ಅದು ಸುಮಾರು 1,800 ಪಟ್ಟು ವೇಗವಾಗಿರಬೇಕು, ಆದರೆ ಬಳಸುವಾಗ ಅಷ್ಟೇನೂ ಅನಿಸುತ್ತಿಲ್ಲ, ಕಂಪನಿಯವರು ಮೋಸ ಮಾಡುತ್ತಿದ್ದಾರೆಯೇ, ಇದನ್ನು ಮನೆಯಲ್ಲೇ ಅಳೆಯುವುದು ಹೇಗೆ? ಎರಡೂ ಕಾಲವನ್ನು ಶಿರಸಿಯ ಒಂದೇ ಮನೆಯಲ್ಲಿ ಕಂಡವನಾಗಿ ಉತ್ತರಿಸುತ್ತಿದ್ದೇನೆ. ಟೆಲಿಫೋನ್ ಬಿಲ್ಲಿನ ಭಯದಿಂದ ಆಗ ಪ್ರತಿ ಸಂಪರ್ಕದ ಸಮಯವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ. ಆ ಪುಸ್ತಕ ಈಗಲೂ ನನ್ನ ಬಳಿ ಇರುವುದರಿಂದ ಹೋಲಿಕೆಗೆ ನೆನಪನ್ನಷ್ಟೇ ನಂಬಬೇಕಾಗಿಲ್ಲ.

2001ರಲ್ಲಿ ಅಮೆರಿಕದಲ್ಲಿದ್ದ ಅಣ್ಣ ಹುಟ್ಟಿದ ಮಗುವಿನ ಫೋಟೋ ಕಳಿಸಿದ್ದ. ಸುಮಾರು 900 ಕಿಲೋಬೈಟ್‌ನ ಆ ಚಿತ್ರ ಪರದೆಯ ಮೇಲೆ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ತೆರೆದುಕೊಳ್ಳುತ್ತಿತ್ತು. ಮೊದಲು ಆಸ್ಪತ್ರೆಯ ತಿಳಿನೀಲಿ ಗೋಡೆ, ಆಮೇಲೆ ಉಣ್ಣೆಯ ಟೋಪಿ, ಆಮೇಲೆ ಹಣೆ. ಇನ್ನೇನು ಕಣ್ಣು ಕಾಣಬೇಕು ಎನ್ನುವಷ್ಟರಲ್ಲಿ ಅಮ್ಮ ಅಡುಗೆಮನೆಯ ಪಕ್ಕದಲ್ಲಿದ್ದ ಇನ್ನೊಂದು ಫೋನ್ ಎತ್ತಿದರು, ಸಂಪರ್ಕ ಕಡಿದುಹೋಯಿತು. ಮತ್ತೆ ಡಯಲ್ ಮಾಡಿ, ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್‌ನ ಕಿರಿಚಾಟ ಮುಗಿಯುವವರೆಗೆ ಕಾದು, ಎರಡನೆಯ ಸಲ ಪೂರ್ತಿ ಚಿತ್ರ ಬಂದಾಗ ನಾನು ಬರೆದುಕೊಂಡದ್ದು 3 ನಿಮಿಷ 25 ಸೆಕೆಂಡ್. ಅಂದರೆ ಸೆಕೆಂಡಿಗೆ 4.4 ಕಿಲೋಬೈಟ್. ಒಂದು ಬೈಟ್‌ಗೆ ಎಂಟು ಬಿಟ್‌ಗಳಾದ್ದರಿಂದ ಇದು ಸುಮಾರು 35 ಕೆಬಿಪಿಎಸ್ ಆಯಿತು. ಮೋಡೆಮ್‌ನ ಡಬ್ಬದ ಮೇಲೆ ಇದ್ದದ್ದು 56, ಸಂಪರ್ಕವಾದಾಗ ಕಂಪ್ಯೂಟರ್ ತೋರಿಸುತ್ತಿದ್ದದ್ದು 44, ಕೈಗೆ ಸಿಗುತ್ತಿದ್ದದ್ದು 35. ಮಾತಿಗೆಂದು ಎಳೆದ, 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುವಂತೆ ರೂಪಿಸಿದ ತಂತಿಯಲ್ಲಿ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ.

ಆದ್ದರಿಂದ ಹೋಲಿಕೆಯ ಎರಡೂ ಕಡೆಯಲ್ಲಿ ಡಬ್ಬದ ಮೇಲಿನ ಸಂಖ್ಯೆಯನ್ನು ಬಿಟ್ಟು, ಗಡಿಯಾರ ಹಿಡಿದು ಅಳೆದ ಸಂಖ್ಯೆಯನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ನಮ್ಮ ಮನೆಯಲ್ಲಿ ಈಗ ಇರುವುದೂ 100 ಎಂಬಿಪಿಎಸ್ ಪ್ಲಾನ್. ಲ್ಯಾಪ್‌ಟಾಪ್ ಅನ್ನು ಕೇಬಲ್‌ನಿಂದ ನೇರವಾಗಿ ರೌಟರ್‌ಗೆ ಜೋಡಿಸಿ ಬೆಳಿಗ್ಗೆ ದೊಡ್ಡ ಕಡತವೊಂದನ್ನು ಇಳಿಸಿದರೆ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಬರುತ್ತದೆ, ಅಂದರೆ ನನ್ನ ಹಳೆಯ ಡಯಲಪ್‌ನ 2,500 ಪಟ್ಟು. ನಿಮ್ಮ 1,800ಕ್ಕಿಂತಲೂ ಇದು ಹೆಚ್ಚು, ಏಕೆಂದರೆ ಡಯಲಪ್ ತಾನು ಹೇಳಿಕೊಂಡದ್ದಕ್ಕಿಂತ ಬಹಳ ಕಡಿಮೆ ಕೊಡುತ್ತಿತ್ತು. 700 ಮೆಗಾಬೈಟ್‌ನ ಒಂದು ಸಿ.ಡಿ.ಯಷ್ಟು ಮಾಹಿತಿಗೆ ಆಗ ಎಲ್ಲೂ ಕಡಿಯದೆ 44 ಗಂಟೆ ಬೇಕಾಗುತ್ತಿತ್ತು, ಈಗ ಒಂದು ನಿಮಿಷ ಚಿಲ್ಲರೆ ಸಾಕು. ಆದರೆ ಅದೇ ಲ್ಯಾಪ್‌ಟಾಪ್ ಹಿಡಿದು ಚಿರೇಕಲ್ಲಿನ ಎರಡು ದಪ್ಪ ಗೋಡೆಗಳನ್ನು ದಾಟಿ ಒಳಗಿನ ಕೋಣೆಗೆ ಹೋದರೆ, 2.4 ಗಿಗಾಹರ್ಟ್ಸ್‌ನ ವೈಫೈನಲ್ಲಿ ನನಗೆ ಸಿಗುವುದು 11 ಎಂಬಿಪಿಎಸ್ ಮಾತ್ರ, ಅಂದರೆ ಸುಮಾರು 300 ಪಟ್ಟು. ಸಂಪರ್ಕ ಒಂದೇ, ಕಂಪನಿ ಒಂದೇ, ಬದಲಾದದ್ದು ಗೋಡೆ. ಹೀಗಾಗಿ ಕೇಬಲ್ ಹಾಕಿ ಅಳೆಯದೆ ಕಂಪನಿಯ ಮೇಲೆ ದೂರು ಹೊರಿಸಬೇಡಿ.

ಆದರೆ ನಿಮ್ಮ ಕೊರಗಿನ ಮೂಲ ಇದಲ್ಲ ಎಂದು ನನ್ನ ಊಹೆ. ವೇಗ ಎನ್ನುವ ಒಂದೇ ಪದದ ಅಡಿಯಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ: ಒಂದು ಸೆಕೆಂಡಿನಲ್ಲಿ ಎಷ್ಟು ಹರಿಯುತ್ತದೆ ಎಂಬುದು ಒಂದು, ಕೇಳಿದ್ದಕ್ಕೆ ಮೊದಲ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಇನ್ನೊಂದು. ಎರಡನೆಯದನ್ನು ಪಿಂಗ್ ಆಜ್ಞೆಯಿಂದ ಯಾವ ಕಂಪ್ಯೂಟರ್‌ನಲ್ಲಿ ಬೇಕಾದರೂ ಅಳೆಯಬಹುದು. ಡಯಲಪ್‌ನಲ್ಲಿ ಮೋಡೆಮ್ ದಾಟುವುದಕ್ಕೇ 150 ಮಿಲಿಸೆಕೆಂಡ್‌ನಷ್ಟು ಹೋಗುತ್ತಿತ್ತು. ಈಗ ಬೆಂಗಳೂರಿನ ಸರ್ವರ್‌ನಿಂದ ನನಗೆ 15 ಮಿಲಿಸೆಕೆಂಡ್‌ನಲ್ಲಿ ಉತ್ತರ ಬರುತ್ತದೆ, ಅಂದರೆ ಹತ್ತು ಪಟ್ಟು. ಸರ್ವರ್ ಅಮೆರಿಕದಲ್ಲಿದ್ದರೆ ಅಷ್ಟೂ ಇಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಸಾಗುತ್ತದೆ. ಹೋಗಿಬರುವ 26,000 ಕಿಲೋಮೀಟರ್‌ಗೆ ಕನಿಷ್ಠ 130 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್‌ಗಳ ಸುತ್ತುದಾರಿ ಸೇರಿದರೆ ಅದು 200 ದಾಟುತ್ತದೆ. ಡಯಲಪ್ ಕಾಲದಲ್ಲೂ ಈ ದೂರ ಇಷ್ಟೇ ಇತ್ತು, ನಾಳೆ ನೀವು ಒಂದು ಗಿಗಾಬಿಟ್ ಪ್ಲಾನ್ ಹಾಕಿಸಿಕೊಂಡರೂ ಇಷ್ಟೇ ಇರುತ್ತದೆ.

ಜಾಲತಾಣದ ಪುಟ ತೆರೆಯುವಾಗ ನಮಗೆ ಅನುಭವಕ್ಕೆ ಬರುವುದು ಹೆಚ್ಚಾಗಿ ಈ ಎರಡನೆಯ ಸಂಗತಿಯೇ. ಆಗಿನ ಪುಟ 60 ಕಿಲೋಬೈಟ್ ಇದ್ದರೆ ಅದು ತೆರೆಯಲು ಹದಿಮೂರು ಹದಿನಾಲ್ಕು ಸೆಕೆಂಡ್ ಆಗುತ್ತಿತ್ತು. ಈಗಿನ ಸುದ್ದಿತಾಣದ ಒಂದು ಪುಟ ಎರಡು ಮೂರು ಮೆಗಾಬೈಟ್ ತೂಗುತ್ತದೆ; ಲೆಕ್ಕದಂತೆ ಕಾಲು ಸೆಕೆಂಡಿನಲ್ಲಿ ಬರಬೇಕಾದ ಅದು, ಹತ್ತಾರು ಸರ್ವರ್‌ಗಳನ್ನು ಹುಡುಕಿ, ಪ್ರತಿಯೊಂದರ ಜೊತೆಗೂ ಭದ್ರತೆಯ ಮಾತುಕತೆ ಮುಗಿಸಿ, ಜಾಹೀರಾತುಗಳ ಸ್ಕ್ರಿಪ್ಟ್‌ಗಳನ್ನು ಫೋನ್‌ನಲ್ಲಿ ಓಡಿಸಿ ನಿಲ್ಲುವಷ್ಟರಲ್ಲಿ ಮೂರು ಸೆಕೆಂಡ್ ಕಳೆದಿರುತ್ತದೆ. ಹದಿಮೂರರಿಂದ ಮೂರಕ್ಕೆ ಇಳಿದರೆ ನಾಲ್ಕೇ ಪಟ್ಟು. ನಿಮ್ಮ ಅನಿಸಿಕೆ ಸುಳ್ಳಲ್ಲ. ಕೊಳವೆ ದೊಡ್ಡದಾದ ಹಾಗೆ ನಾವು ಅದರೊಳಗೆ ತುರುಕುವುದೂ ದೊಡ್ಡದಾಗಿದೆ.

ನನ್ನ ಅನುಭವದಲ್ಲಿ ಅತಿ ದೊಡ್ಡ ಜಿಗಿತ ಎಂದರೆ ಫೈಬರ್ ಬಂದದ್ದಲ್ಲ, ಅದಕ್ಕೂ ಹಿಂದಿನದು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು, 2005ರಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಸೇವೆ ಡೇಟಾಒನ್ ಬಂತು. ಸೆಕೆಂಡಿಗೆ 30 ಕಿಲೋಬೈಟ್, ಏಳು ಪಟ್ಟು ಅಷ್ಟೇ. ಆದರೆ ಡಯಲ್ ಮಾಡುವ ಕೆಲಸ ಹೋಯಿತು, ಅಮ್ಮ ಯಾವಾಗ ಬೇಕಾದರೂ ಫೋನ್ ಎತ್ತಬಹುದಾಯಿತು. ಅದು ಬದುಕನ್ನು ಬದಲಿಸಿದಷ್ಟು ಆಮೇಲಿನ ಯಾವ ಸಂಖ್ಯೆಯೂ ಬದಲಿಸಿಲ್ಲ. (ಆ ಕನಿಷ್ಠ ಮಿತಿ 2013ರಲ್ಲಿ 512 ಕೆಬಿಪಿಎಸ್‌ಗೂ 2023ರಲ್ಲಿ 2 ಎಂಬಿಪಿಎಸ್‌ಗೂ ಏರಿತು.) ಒಂದು ವಿಡಿಯೋ ಕರೆಗೆ ಮೂರು ನಾಲ್ಕು ಎಂಬಿಪಿಎಸ್, ಅತ್ಯುತ್ತಮ ಗುಣಮಟ್ಟದ ಸಿನಿಮಾಕ್ಕೆ 25 ಎಂಬಿಪಿಎಸ್ ಸಾಕು, ಮಿಕ್ಕದ್ದು ಮನೆಯಲ್ಲಿ ಹಲವರು ಒಟ್ಟಿಗೆ ಬಳಸುವಾಗಷ್ಟೇ ಉಪಯೋಗಕ್ಕೆ ಬರುತ್ತದೆ.

ಇನ್ನು ಅಳೆಯುವ ಕ್ರಮ. ವೇಗ ಪರೀಕ್ಷೆಯ ಆ್ಯಪ್‌ಗಳು ಸಾಮಾನ್ಯವಾಗಿ ಅತಿ ಹತ್ತಿರದ ಸರ್ವರ್ ಅನ್ನು ಆರಿಸಿಕೊಳ್ಳುತ್ತವೆ, ಎಷ್ಟೋ ಸಲ ಅದು ನಿಮ್ಮ ಕಂಪನಿಯ ಜಾಲದ ಒಳಗೇ ಇರುತ್ತದೆ. ಆ ಅಂಕಿ ಸುಳ್ಳಲ್ಲ, ಆದರೆ ಅದು ಮನೆಯಿಂದ ಕಂಪನಿಯ ಬಾಗಿಲವರೆಗಿನ ವೇಗ ಮಾತ್ರ. ಹಾಗಾಗಿ ಬೇರೆ ಊರಿನ ಸರ್ವರ್ ಒಂದನ್ನೂ ಆರಿಸಿ ನೋಡಿ, ಜೊತೆಗೆ ಉಚಿತ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟುವಿನಂಥ ದೊಡ್ಡ ಕಡತವೊಂದನ್ನು ಇಳಿಸಿ ಸೆಕೆಂಡ್ ಎಣಿಸಿ. ಹಗಲಿನಲ್ಲೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಅಳೆಯಿರಿ. ಮನೆಗಳಿಗೆ ಬರುವ ಜಿಪಾನ್ ಫೈಬರ್‌ನಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ, ಅದರಾಚೆಗಿನ ದಾರಿಯನ್ನು ಇನ್ನೂ ಹೆಚ್ಚು ಜನ; ರಾತ್ರಿಯ ಅಂಕಿ ಹಗಲಿನ ಅರ್ಧಕ್ಕಿಂತ ಕೆಳಗಿಳಿದರೆ ಕೊರತೆ ಇರುವುದು ಅಲ್ಲಿ. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಪ್ಲಾನ್‌ನ ಡೇಟಾ ಮಿತಿ ಮುಗಿದಿದೆಯೇ ನೋಡಿ. ಅಪ್‌ಲೋಡ್ ಅನ್ನು ಮರೆಯಬೇಡಿ: ಮನೆಯಿಂದ ಕೆಲಸ ಮಾಡುವವರಿಗೆ ಅದೂ ಅಷ್ಟೇ ಮುಖ್ಯ.

ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಕೇಬಲ್ ಹಾಕಿ ಅಳೆದಾಗಲೂ ಹಗಲು ರಾತ್ರಿ ಎನ್ನದೆ 20 ಎಂಬಿಪಿಎಸ್‌ನ ಆಸುಪಾಸು ಬರುತ್ತಿತ್ತು. ಎರಡು ಸಲ ಫೋನ್ ಮಾಡಿದಾಗ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವಷ್ಟೇ ಸಿಕ್ಕಿತು. ಏಳು ದಿನ, ದಿನಕ್ಕೆ ಮೂರು ಸಲದಂತೆ ಸಮಯ ಸಮೇತ ಬರೆದ ಪುಟದ ಫೋಟೋ ತೆಗೆದು ಕಳಿಸಿದ ಮೇಲೆ ಫೈಬರ್ ಹುಡುಗ ಬಂದ. ಅವನ ಪವರ್ ಮೀಟರ್‌ನಲ್ಲಿ ಬೆಳಕಿನ ಮಟ್ಟ ಮೈನಸ್ 28 ಡಿಬಿಎಂ (ಸೊನ್ನೆಯಿಂದ ಕೆಳಗಿಳಿದಷ್ಟೂ ಬೆಳಕು ಕ್ಷೀಣ) ತೋರಿಸಿತು, ಅಂದರೆ ಮನೆಯ ಪೆಟ್ಟಿಗೆ ಗ್ರಹಿಸಬಲ್ಲ ಅಂಚಿನಲ್ಲಿತ್ತು. ಹಲಸಿನ ಕೊಂಬೆ ಬಿದ್ದಲ್ಲಿ ಹಾಕಿದ್ದ ಜೋಡಣೆಯೊಳಗೆ ನೀರು ಸೇರಿ ಎಳೆ ಬಾಗಿತ್ತು. ಅದನ್ನು ಕತ್ತರಿಸಿ ಮತ್ತೆ ಬೆಸೆದ ಮೇಲೆ ಮಟ್ಟ ಮೈನಸ್ 21ಕ್ಕೆ ಬಂತು, ಅದೇ ಸಂಜೆಯ ಸಾಲಿನಲ್ಲಿ ನಾನು ಬರೆದುಕೊಂಡ ವೇಗ 93 ಎಂಬಿಪಿಎಸ್.