ಟಿ470ಕ್ಕೆ ವಿಂಡೋಸೋ ಲಿನಕ್ಸೋ?

ನಮಸ್ಕಾರ. ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವ ನಿಮ್ಮ ಥಿಂಕ್‌ಪ್ಯಾಡ್ ಟಿ470 ಲ್ಯಾಪ್‌ಟಾಪನ್ನು ಇನ್ನೂ ಐದು ವರ್ಷ ಬಳಸುವುದಾದರೆ ವಿಂಡೋಸ್ ಉಳಿಸಿಕೊಳ್ಳಬೇಕೇ, ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಹಾಕಬೇಕೇ ಎಂದು ಕೇಳಿದ್ದೀರಿ. ನನ್ನ ಮತ ಲಿನಕ್ಸ್‌ಗೆ.

ರ‍್ಯಾಮ್, ಎಸ್‌ಎಸ್‌ಡಿ, ಹಿಂಬದಿಯ ಬ್ಯಾಟರಿ ಮೂರನ್ನೂ ಬದಲಿಸಬಹುದಾದ ಈ ಯಂತ್ರ ಇನ್ನೂ ಬಹುಕಾಲ ಬಾಳುತ್ತದೆ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೆಲವೇ ಅಪವಾದಗಳನ್ನು ಬಿಟ್ಟರೆ ಎಂಟನೇ ಅಥವಾ ಅನಂತರದ ತಲೆಮಾರಿನ ಇಂಟೆಲ್ ಪ್ರೊಸೆಸರನ್ನೇ ಕೇಳುತ್ತದೆ. ಅಡ್ಡದಾರಿಯಿಂದ ಅದನ್ನು ಹಾಕುವವರಿದ್ದಾರೆ, ಆದರೆ ಮುಂದಿನ ಅಪ್‌ಡೇಟ್‌ಗಳಿಗೆ ಖಾತರಿಯಿಲ್ಲದ ವ್ಯವಸ್ಥೆಯಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ನನಗೆ ಸರಿ ಕಾಣುವುದಿಲ್ಲ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ ಪ್ರತಿ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಗೆ ಐದು ವರ್ಷ ಉಚಿತ ಭದ್ರತಾ ಅಪ್‌ಡೇಟ್‌ಗಳು ದೊರೆಯುತ್ತವೆ, ಅನಂತರ ಮುಂದಿನ ಆವೃತ್ತಿಗೂ ಹಣ ಕೊಡಬೇಕಿಲ್ಲ.

ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೇ ಇದೆ. ತೊಡಕಿರುವುದು ಯುನಿಕೋಡ್‌ಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಕ್ರಮಕ್ಕೆ) ಮೊದಲಿನ ನುಡಿ ಫಾಂಟ್‌ಗಳಲ್ಲಿ ಬರೆದ ಕಡತಗಳಲ್ಲಿ. ಅವು ನಿಮ್ಮಲ್ಲಿದ್ದರೆ ವಿಂಡೋಸ್ ಅಳಿಸುವ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪೆನ್‌ಡ್ರೈವ್‌ನಿಂದಲೇ ಉಬುಂಟು ಚಲಾಯಿಸಿ ವೈಫೈ, ಧ್ವನಿ, ಸ್ಲೀಪ್ ಸರಿಯಿವೆಯೇ ನೋಡಿ. ಬೆರಳಚ್ಚಿನ ಲಾಗಿನ್ ಕೈಕೊಡಬಹುದು, ಅದೊಂದಕ್ಕೆ ಸಿದ್ಧರಾಗಿರಿ.